ಯಾವ ಗ್ರಾಮರ್ ಯಾವಾಗ? ನಿಮ್ಮ ಪ್ರಶ್ನೆ, ನನ್ನ ಉತ್ತರ

ಹೋದ ತಿಂಗಳು ಈ ಅಂಕಣದಲ್ಲಿ, ಇಂಗ್ಲಿಷ್ ಗ್ರಾಮರ್ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂದಿದ್ದೆ. ಹಾಸನ, ಚಿಕ್ಕಮಗಳೂರು ಎರಡೂ ಕಡೆಯಿಂದ ತುಂಬಾ ಪತ್ರ ಬಂದಿವೆ. ಎಲ್ಲಕ್ಕೂ ಇಲ್ಲಿ ಜಾಗ ಸಾಲದು, ಅದಕ್ಕೆ ಏಳು ಪತ್ರ ಆರಿಸಿಕೊಂಡಿದ್ದೇನೆ. ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತದೆ, ಮೂರನೇ ಕ್ಲಾಸಿನ ಮಗುವಿನ ತಾಯಿಯಿಂದ ಹಿಡಿದು ಹೋಂಸ್ಟೇ ನಡೆಸುವ ಅಮ್ಮನವರೆಗೆ ಎಲ್ಲರನ್ನೂ ಕಾಡುತ್ತಿರುವುದು ಹೆಚ್ಚುಕಡಿಮೆ ಒಂದೇ ವಿಷಯ. ಇಷ್ಟೊಂದು ಗ್ರಾಮರ್‌ನಲ್ಲಿ ಯಾವುದು ಮೊದಲು, ಯಾವುದು ಆಮೇಲೆ?

ಪ್ರಶ್ನೆ: ಮೇಡಂ, ನನ್ನ ಮಗಳು ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸ್. ಪಕ್ಕದ ಮನೆಯ ಹುಡುಗ ಕಾನ್ವೆಂಟಿಗೆ ಹೋಗುತ್ತಾನೆ, ನೌನ್ ಅಂದರೇನು, ಪ್ರೊನೌನ್ ಅಂದರೇನು ಅಂತ ಪಟಪಟ ಹೇಳುತ್ತಾನೆ. ಇವಳಿಗೆ ಒಂದೂ ಬರುವುದಿಲ್ಲ. ಒಂದು ಗ್ರಾಮರ್ ಪುಸ್ತಕ ತಂದು ನಾನೇ ಹೇಳಿಕೊಡಲಾ?
(ಒಬ್ಬ ತಾಯಿ, ಅರಸೀಕೆರೆ)

ಬೇಡಮ್ಮ, ಈಗ ಬೇಡ. ನಿಮ್ಮ ಮಗಳು 'ಅಮ್ಮ, ನನಗೆ ಅನ್ನ ಬೇಡ, ಚಪಾತಿ ಕೊಡು' ಅಂತ ಹೇಳುವುದನ್ನು ಕಲಿತದ್ದು ಹೇಗೆ? 'ನನಗೆ' ಅನ್ನುವುದು ಚತುರ್ಥೀ ವಿಭಕ್ತಿ ಅಂತ ನೀವು ಹೇಳಿಕೊಟ್ಟಿರಾ? ಇಲ್ಲ ಅಲ್ವಾ. ಕೇಳಿದಳು, ಹೇಳಿದಳು, ತಪ್ಪಾದಾಗ ನೀವು ಸರಿಯಾಗಿ ತಿರುಗಿ ಹೇಳಿದಿರಿ, ಅಷ್ಟೇ. ಹೆಸರು ಗೊತ್ತಿಲ್ಲದೆ ಬಳಕೆ ಬಂತು. ಎಂಟು ವರ್ಷದ ಮಗುವಿಗೆ ಇಂಗ್ಲಿಷಿನಲ್ಲೂ ಅದೇ ದಾರಿ ಸರಿ.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007 ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿದೆ. ಹಾಡು, ಆಟ, ಚಿತ್ರದ ಕಾರ್ಡು ಇಟ್ಟುಕೊಂಡು ಕಲಿಸುವುದನ್ನು ನೋಡಿ ಎಷ್ಟೋ ಅಪ್ಪ ಅಮ್ಮಂದಿರು 'ಗ್ರಾಮರೇ ಹೇಳಿಕೊಡಲ್ಲ' ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಆ ಆಟದ ಒಳಗೇ ಗ್ರಾಮರ್ ಇರುತ್ತದೆ. 'ಸ್ಟ್ಯಾಂಡ್ ಅಪ್', 'ಟಚ್ ಯುವರ್ ನೋಸ್' ಅಂದಾಗ ಮಗು ಎದ್ದು ನಿಂತರೆ ಕ್ರಿಯಾಪದ ಮೊದಲು ಬರುತ್ತದೆ ಅನ್ನುವುದು ಅದರ ಕಿವಿಗೆ ಬಿದ್ದಾಯಿತು.

ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಸಾಕು. ನಿಮ್ಮ ಕಡೆ ಹಿತ್ತಲಲ್ಲಿ ತೆಂಗಿನಕಾಯಿಗೆ ಬರವಿಲ್ಲ. ಒಂದು ಕಾಯಿಯನ್ನು ಮರದ ಕೆಳಗೆ, ಬುಟ್ಟಿಯ ಒಳಗೆ, ಜಗಲಿಯ ಮೇಲೆ ಇಟ್ಟು 'ವೇರ್ ಈಸ್ ದ ಕೋಕನಟ್?' ಅಂತ ಕೇಳಿ. 'ಅಂಡರ್ ದ ಟ್ರೀ', 'ಇನ್ ದ ಬ್ಯಾಸ್ಕೆಟ್' ಅಂತ ಹೇಳಲಿ. ಆಮೇಲೆ ಅವಳು ಇಡಲಿ, ನೀವು ಹೇಳಿ. ಎರಡು ಕಾಯಿ ಇಟ್ಟಾಗ ಅವಳು 'ಟೂ ಕೋಕನಟ್' ಅಂದರೆ ತಪ್ಪು ಅನ್ನಬೇಡಿ. 'ಹೌದು, ಟೂ ಕೋಕನಟ್ಸ್' ಅಂತ ನಗುತ್ತಾ ತಿರುಗಿ ಹೇಳಿ, ಮುಂದೆ ಹೋಗಿ. 'ಐ ಲೈಕ್', 'ಐ ಡೋಂಟ್ ಲೈಕ್' ಊಟದ ಹೊತ್ತಿಗೆ ಆಗುತ್ತದೆ. ನೌನ್ ಅನ್ನುವ ಹೆಸರು ಐದನೇ ಕ್ಲಾಸಿಗೋ ಆರನೇ ಕ್ಲಾಸಿಗೋ ಬರಲಿ, ಆಗ ಆ ಹೆಸರು ಅಂಟಿಸಲು ಅವಳ ಹತ್ತಿರ ನೂರಾರು ಪದ ಇರುತ್ತವೆ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕ. ಎಂಟನೇ ಕ್ಲಾಸಿನಲ್ಲಿ 42 ಮಕ್ಕಳು. ಕೆಲವರಿಗೆ ಇನ್ನೂ ಕೂಡಿಸಿ ಓದಲು ಕಷ್ಟ, ಕೆಲವರು ಅರ್ಧ ಪುಟ ಬರೆಯುತ್ತಾರೆ. ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಪ್ಯಾಸಿವ್ ವಾಯ್ಸ್, ರಿಪೋರ್ಟೆಡ್ ಸ್ಪೀಚ್ ಕೇಳುತ್ತಾರೆ. ಎಲ್ಲಿಂದ ಶುರು ಮಾಡಲಿ?
(ಶಿಕ್ಷಕರು, ಅರಕಲಗೂಡು ತಾಲ್ಲೂಕು)

ಸರ್, ನಿಮ್ಮ ಪತ್ರ ಓದಿ ನನ್ನ ಮೊದಲ ವರ್ಷಗಳು ನೆನಪಾದವು. ನಾನೂ ಈ ಜಿಲ್ಲೆಯ ಹಳ್ಳಿ ಶಾಲೆಯಲ್ಲೇ ಕಲಿಸಿದವಳು. ಹನ್ನೆರಡು ಟೆನ್ಸಿನ ಚಾರ್ಟ್ ಬರೆದು ಗೋಡೆಗೆ ಹಾಕಿ ದಿನಾ ಹೇಳಿಸುತ್ತಿದ್ದೆ. ಒಬ್ಬ ಹುಡುಗ ಒಂದೂ ತಪ್ಪಿಲ್ಲದೆ ಅಷ್ಟನ್ನೂ ಒಪ್ಪಿಸುತ್ತಿದ್ದ. ಒಂದು ದಿನ ಗೇಟಿನ ಹತ್ತಿರ ಹೊರಗಿನ ಪ್ರವಾಸಿಗರು ಕಾರು ನಿಲ್ಲಿಸಿ ಗೊರೂರು ಡ್ಯಾಮಿನ ದಾರಿ ಕೇಳಿದರು. ಅವನಿಗೆ ದಾರಿ ಗೊತ್ತು, ಚಾರ್ಟೂ ಗೊತ್ತು, ಆದರೆ ಬಾಯಿಂದ ಒಂದು ಮಾತು ಬರಲಿಲ್ಲ, ಕೈ ತೋರಿಸಿ ಸುಮ್ಮನೆ ನಿಂತ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವನಿಗೆ ಬೇಕಾಗಿದ್ದು 'ಗೋ ಸ್ಟ್ರೇಟ್, ಟರ್ನ್ ಲೆಫ್ಟ್' ಅನ್ನುವ ಎರಡು ವಾಕ್ಯ, ನಾನು ಕೊಟ್ಟದ್ದು ಫ್ಯೂಚರ್ ಪರ್ಫೆಕ್ಟ್ ಕಂಟಿನ್ಯುಯಸ್.

ಮೊದಲು ಯಾರು ಎಲ್ಲಿದ್ದಾರೆ ಅಂತ ನೋಡಿ. ಅದಕ್ಕೆ ಖಾಲಿ ಬಿಟ್ಟ ಜಾಗ ತುಂಬುವ ಟೆಸ್ಟ್ ಬೇಡ. 'ನಿನ್ನೆ ನೀನು ಏನೇನು ಮಾಡಿದೆ, ಐದು ಸಾಲು ಇಂಗ್ಲಿಷಿನಲ್ಲಿ ಬರಿ' ಅನ್ನಿ. ಬಂದ ಹಾಳೆಗಳು ತಾವಾಗಿಯೇ ಮೂರು ಗುಂಪಾಗುತ್ತವೆ. ಬರೀ ಪದಗಳು ಇರುವವು, ವಾಕ್ಯ ಇದ್ದು ಕ್ರಿಯಾಪದ ತಪ್ಪಿರುವವು, 'ಬಟ್', 'ಬಿಕಾಸ್', 'ದೆನ್' ಹಾಕಿ ಒಂದಕ್ಕೊಂದು ಸೇರಿಸಿ ಬರೆದವು. ಯುರೋಪಿನ ದೇಶಗಳ ಒಕ್ಕೂಟವಾದ ಕೌನ್ಸಿಲ್ ಆಫ್ ಯುರೋಪ್ 2001 ರಲ್ಲಿ ಭಾಷೆ ಕಲಿಯುವವರಿಗೆ ಆರು ಹಂತ ಮಾಡಿ ಪ್ರಕಟಿಸಿತು, ಎ1 ರಿಂದ ಸಿ2 ವರೆಗೆ. ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದಿದೆ. ಆ ಹಂತಗಳನ್ನು ಟೆನ್ಸಿನ ಹೆಸರಿನಿಂದ ಹೇಳಿಲ್ಲ, ಕಲಿಯುವವನು ಏನು ಮಾಡಬಲ್ಲ ಅನ್ನುವುದರಿಂದ ಹೇಳಿದ್ದಾರೆ. ತನ್ನ ಪರಿಚಯ ಹೇಳಬಲ್ಲ ಅಂದರೆ ಎ1. ಅಂಗಡಿ, ಮನೆ, ಕೆಲಸದ ಸರಳ ಮಾತು ಆಡಬಲ್ಲ ಅಂದರೆ ಎ2. ತನಗಾದ ಅನುಭವ ಹೇಳಿ ಕಾರಣ ಕೊಡಬಲ್ಲ ಅಂದರೆ ಬಿ1. ನಿಮ್ಮ ಮೂರು ಗುಂಪೂ ಹೆಚ್ಚುಕಡಿಮೆ ಇದೇ.

ಮೊದಲ ಗುಂಪಿಗೆ ಬೇಕಾದದ್ದು ಎರಡೇ: ಪದಗಳ ಸಾಲು, ಮತ್ತು ಈಸ್-ಆಮ್-ಆರ್. ಕನ್ನಡದಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಅನ್ನುವುದು ಅವರಿಗೆ ಗೊತ್ತಿರುತ್ತದೆ. 'ರಾಮ ಹಣ್ಣು ತಿಂದ'. ಇಂಗ್ಲಿಷಿನಲ್ಲಿ ಕೊನೆಯ ಎರಡು ಜಾಗ ಬದಲಾಗುತ್ತವೆ ಅಂತ ಒಂದೇ ಮಾತಿನಲ್ಲಿ ಹೇಳಿ. ಮೂರು ಮಕ್ಕಳ ಕೈಗೆ ಮೂರು ಪದ ಕೊಟ್ಟು ನಿಲ್ಲಿಸಿ, ಜಾಗ ಬದಲಾಯಿಸಿ. ಇನ್ನು 'ಇವರು ನಮ್ಮ ಮೇಷ್ಟ್ರು' ಅನ್ನುವ ವಾಕ್ಯ ನೋಡಿ, ಇದರಲ್ಲಿ ಕ್ರಿಯಾಪದವೇ ಇಲ್ಲ. ನಮಗೆ ಬೇಡ. ಅದಕ್ಕೇ ಮಗು 'ಹಿ ಮೈ ಟೀಚರ್' ಅನ್ನುತ್ತದೆ. ದಡ್ಡತನ ಅಲ್ಲ ಸರ್ ಅದು, ಕನ್ನಡ ಸರಿಯಾಗಿ ಗೊತ್ತಿರುವ ಮಗುವಿನ ಲೆಕ್ಕ. ಈಸ್ ಕಲಿಸಿದ ಮೇಲೆ ಅದೇ ಮಗು 'ಹಿ ಈಸ್ ಗೋ' ಅಂತ ಎಲ್ಲ ಕಡೆ ಈಸ್ ಹಾಕುತ್ತದೆ. ಆಗಲೂ ಬೈಯಬೇಡಿ. ಇಂಗ್ಲಿಷಿಗೆ ಇಂಥದ್ದೊಂದು ಬೇಕು ಅಂತ ಅದಕ್ಕೆ ಹೊಳೆದಿದೆ, ಎಲ್ಲಿ ಬೇಡ ಅನ್ನುವುದು ಇನ್ನು ತಿಳಿಯಬೇಕು, ಅಷ್ಟೇ.

ಎರಡನೇ ಗುಂಪಿಗೆ ಪ್ರಶ್ನೆ ಕೇಳುವುದು ಕಲಿಸಿ. ನಮ್ಮ ಶಾಲೆಗಳಲ್ಲಿ ಮಕ್ಕಳು ಬರೀ ಉತ್ತರ ಹೇಳುತ್ತಾರೆ, ಪ್ರಶ್ನೆ ಎಲ್ಲಾ ಮೇಷ್ಟ್ರದ್ದೇ. ಕನ್ನಡದಲ್ಲಿ 'ಬಂದ' ಅನ್ನುವುದಕ್ಕೆ ಕೊನೆಯಲ್ಲಿ ಆ ಸೇರಿಸಿದರೆ 'ಬಂದನಾ' ಅಂತ ಪ್ರಶ್ನೆ ಆಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಡೂ, ಡಸ್, ಡಿಡ್ ಮುಂದೆ ಬಂದು ನಿಲ್ಲಬೇಕು. ಇದು ದೊಡ್ಡ ಮೆಟ್ಟಿಲು, ಎರಡು ವಾರ ಕೊಡಿ.

ಇಲ್ಲಿ ಒಂದು ಮಾತು. 'ಶಿ ಗೋ ಟು ಸ್ಕೂಲ್' ಅಂತ ಬರೆದರೆ ನಾವು ಕೆಂಪು ಇಂಕಿನಲ್ಲಿ ಗೀಚುತ್ತೇವೆ. ರೋಜರ್ ಬ್ರೌನ್ ಅನ್ನುವ ಅಮೆರಿಕದ ವಿದ್ವಾಂಸರು ಮೂರು ಮಕ್ಕಳ ಮಾತನ್ನು ವರ್ಷಗಟ್ಟಲೆ ಗಮನಿಸಿ 1973 ರಲ್ಲಿ ಬರೆದರು. ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳಿಗೂ 'ಗೋಯಿಂಗ್' ಅನ್ನುವಲ್ಲಿನ ಇಂಗ್, ಇನ್, ಆನ್, ಬಹುವಚನದ ಎಸ್ ಮೊದಲು ಬರುತ್ತವೆ, 'ಗೋಸ್' ಅನ್ನುವಲ್ಲಿನ ಎಸ್ ತುಂಬಾ ತಡವಾಗಿ ಬರುತ್ತದೆ. ಎರಡನೇ ಭಾಷೆಯಾಗಿ ಕಲಿಯುವವರಲ್ಲೂ ಆ ಎಸ್ ತಡವಾಗಿಯೇ ಬರುತ್ತದೆ ಅಂತ ಆಮೇಲೆ ಬೇರೆಯವರೂ ಕಂಡರು. ನಾವು ಮೊದಲ ತಿಂಗಳಲ್ಲೇ ಅದನ್ನು ಕಲಿಸಿ ಮೊದಲ ತಿಂಗಳಲ್ಲೇ ಬರಬೇಕು ಅಂತ ಹಟ ಹಿಡಿಯುತ್ತೇವೆ. ಕಲಿಸಿ, ಆದರೆ ಕಾಯಿರಿ. ಕಲಿಸುವಾಗ ಹೀಗೆ ಹೇಳಿ ನೋಡಿ: 'ಕನ್ನಡದಲ್ಲಿ ನಾನು ಬರುತ್ತೇನೆ, ನೀನು ಬರುತ್ತೀಯ, ಅವನು ಬರುತ್ತಾನೆ, ಅವಳು ಬರುತ್ತಾಳೆ, ಅದು ಬರುತ್ತದೆ, ಅವರು ಬರುತ್ತಾರೆ. ಎಷ್ಟು ಥರ ಬಾಲ! ಇಂಗ್ಲಿಷಿನಲ್ಲಿ ಅವನು, ಅವಳು, ಅದು, ಮೂರಕ್ಕೂ ಸೇರಿ ಒಂದೇ ಬಾಲ, ಉಳಿದವಕ್ಕೆ ಏನೂ ಇಲ್ಲ.' ಮಕ್ಕಳ ಮುಖ ಅರಳುತ್ತದೆ. ಇಷ್ಟು ಕಷ್ಟದ್ದು ನಮಗೆ ಆಗಲೇ ಬರುತ್ತದೆ ಅನ್ನುವ ಧೈರ್ಯ ಅದು.

42 ಮಕ್ಕಳಿಗೆ ಮೂರು ಪಾಠ ಮಾಡಲು ಆಗುವುದಿಲ್ಲ, ನನಗೂ ಗೊತ್ತು. ಪಾಠ ಒಂದೇ ಇರಲಿ, ಕೆಲಸ ಮೂರು ಥರ ಇರಲಿ. ಹಾಸನ ಬಸ್ ಸ್ಟ್ಯಾಂಡಿನ ಬೋರ್ಡಿನಿಂದ ಬೇಲೂರು, ಸಕಲೇಶಪುರ, ಹೊಳೆನರಸೀಪುರದ ಹತ್ತು ಬಸ್ಸಿನ ಸಮಯ ಬರೆದುಕೊಂಡು ಬಂದು ಕಪ್ಪು ಹಲಗೆ ಮೇಲೆ ಹಾಕಿ. ಮೊದಲ ಗುಂಪು ಊರು, ಸಮಯ ಓದಿ 'ದ ಬಸ್ ಈಸ್ ಅಟ್ ಸೆವೆನ್' ಅಂತ ಬರೆಯಲಿ. ಎರಡನೇ ಗುಂಪು 'ವೆನ್ ಡಸ್ ದ ಬೇಲೂರ್ ಬಸ್ ಲೀವ್?' ಅಂತ ಒಬ್ಬರನ್ನೊಬ್ಬರು ಕೇಳಲಿ. ಮೂರನೇ ಗುಂಪಿಗೆ ಒಂದು ಸಮಸ್ಯೆ ಕೊಡಿ: 'ಹತ್ತು ಗಂಟೆಗೆ ಮುಂಚೆ ಬೇಲೂರಿನಲ್ಲಿರಬೇಕು, ಮಧ್ಯದಲ್ಲಿ ಹಗರೆಯಲ್ಲಿ ಅಜ್ಜಿಗೆ ಔಷಧಿ ಕೊಡಬೇಕು. ಯಾವ ಬಸ್ಸು, ಯಾಕೆ?' ಇದು ನನ್ನ ಸ್ವಂತ ಯೋಚನೆ ಅಲ್ಲ. ಇಂಗ್ಲಿಷ್ ಕಲಿಸುವ ವಿಧಾನದ ತಜ್ಞ ಎನ್.ಎಸ್. ಪ್ರಭು ಅವರು 1979 ರಿಂದ 1984 ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ರೈಲಿನ ವೇಳಾಪಟ್ಟಿ, ನಕ್ಷೆಗಳನ್ನು ಇಟ್ಟುಕೊಂಡು ಹೀಗೇ ಕಲಿಸಿ ನೋಡಿದರು. ಮನಸ್ಸು ಅರ್ಥದ ಮೇಲೆ ಇದ್ದಾಗ ಗ್ರಾಮರ್ ಒಳಗೆ ಇಳಿಯುತ್ತದೆ ಅನ್ನುವುದು ಅವರ ನಂಬಿಕೆ. ಪ್ರಪಂಚದ ಎಲ್ಲ ಕಡೆ ಅದನ್ನು ಬೆಂಗಳೂರು ಪ್ರಾಜೆಕ್ಟ್ ಅಂತಲೇ ಕರೆಯುತ್ತಾರೆ. ನಮ್ಮ ನೆಲದಲ್ಲಿ ಹುಟ್ಟಿದ್ದನ್ನು ನಾವೇ ಮರೆತಿದ್ದೇವೆ ಅನ್ನುವುದು ನನಗೆ ನೋವಿನ ವಿಷಯ.

ಪ್ರಭು ಅವರು ನಿಯಮ ಬಿಡಿಸಿ ಹೇಳುವುದನ್ನೇ ಕೈಬಿಟ್ಟಿದ್ದರು, ನಾನು ಮಾತ್ರ ಅಷ್ಟು ದೂರ ಹೋಗುವುದಿಲ್ಲ. ಕೊನೆಯ ಹತ್ತು ನಿಮಿಷ ಅವತ್ತು ಜಾಸ್ತಿ ಮಕ್ಕಳು ಮಾಡಿದ ಒಂದೇ ಒಂದು ತಪ್ಪು ಎತ್ತಿಕೊಂಡು ನಿಯಮ ಹೇಳುತ್ತೇನೆ. ಎಂಟನೇ ಕ್ಲಾಸಿನ ಮಕ್ಕಳಿಗೆ ನಿಯಮ ಅರ್ಥವಾಗುತ್ತದೆ, ಖುಷಿಯೂ ಆಗುತ್ತದೆ.

ರಿಪೋರ್ಟೆಡ್ ಸ್ಪೀಚ್ ಮೂರನೇ ಗುಂಪಿಗೆ ಈಗಲೇ ಕೊಡಿ, ಉಳಿದವರಿಗೆ ಹತ್ತನೇ ಕ್ಲಾಸಿಗೆ ಬರಲಿ. ಕನ್ನಡದಲ್ಲಿ 'ನಾಳೆ ಬರ್ತೀನಿ ಅಂತ ಹೇಳಿದ' ಅನ್ನುತ್ತೇವೆ. ಅವನು ಆಡಿದ ಮಾತು ಹಾಗೇ ಇರುತ್ತದೆ, 'ಅಂತ' ಒಂದು ಸೇರುತ್ತದೆ. ಇಂಗ್ಲಿಷಿನಲ್ಲಿ ಮಾತು ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ, 'ವಿಲ್' ಹೋಗಿ 'ವುಡ್' ಆಗುತ್ತದೆ. ಹಿಂದಿನ ಹೆಜ್ಜೆ, ಅಂದರೆ ಪಾಸ್ಟ್ ಟೆನ್ಸ್, ಬಾರದ ಮಗುವಿಗೆ ಇದನ್ನು ಹೇಳಿಕೊಟ್ಟರೆ ಅದು ಉರು ಹೊಡೆಯುತ್ತದೆ, ಬೇರೇನೂ ಆಗುವುದಿಲ್ಲ.

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ಟೆನ್ಸ್ ಎಲ್ಲಾ ಬಾಯಿಪಾಠ ಇದೆ. ಮಾತಾಡುವಾಗ 'ಐ ಆಮ್ ನೋಯಿಂಗ್', 'ಐ ಆಮ್ ಹಿಯರ್ ಸಿನ್ಸ್ ತ್ರೀ ಇಯರ್ಸ್' ಅಂತ ಬಂದುಬಿಡುತ್ತದೆ, ಎಲ್ಲರೂ ನಗುತ್ತಾರೆ. ಏನು ಮಾಡಲಿ?
(ವಿದ್ಯಾರ್ಥಿನಿ, ಚಿಕ್ಕಮಗಳೂರು)

ನಗುವವರನ್ನು ಬಿಡಮ್ಮ. ನಿನ್ನ ಎರಡೂ ತಪ್ಪಿಗೆ ಕಾರಣ ಇದೆ, ಕಾರಣ ಗೊತ್ತಾದರೆ ಅರ್ಧ ಸರಿಹೋಗುತ್ತದೆ.

ಹನ್ನೆರಡು ಟೆನ್ಸ್ ಪಕ್ಕಕ್ಕಿಡು. ದಿನದ ಮಾತಿಗೆ ನಾಲ್ಕೈದು ಸಾಕು. ಅದರಲ್ಲಿ ಮೊದಲು, 'ತಾ ಇದ್ದೇನೆ' ಅಂತ ಕನ್ನಡದಲ್ಲಿ ಹೇಳಲು ಆಗದ ಪದಗಳನ್ನು ನೆನಪಿಸಿಕೋ: ಗೊತ್ತು, ಬೇಕು, ಇಷ್ಟ, ಇದೆ. 'ನನಗೆ ಅವನು ಗೊತ್ತು' ಅನ್ನುತ್ತೀಯ, 'ಗೊತ್ತುತ್ತಾ ಇದ್ದಾನೆ' ಅನ್ನುವುದಿಲ್ಲ ಅಲ್ವಾ? 'ಇಬ್ಬರು ತಮ್ಮಂದಿರು ಇದ್ದಾರೆ' ಅನ್ನುತ್ತೀಯ, 'ಇರುತ್ತಾ ಇದ್ದಾರೆ' ಅನ್ನುವುದಿಲ್ಲ. ಅವೇ ಇಂಗ್ಲಿಷಿನಲ್ಲಿ ನೋ, ವಾಂಟ್, ಲೈಕ್, ಹ್ಯಾವ್. ಅವಕ್ಕೂ ಈ ಅರ್ಥದಲ್ಲಿ ಇಂಗ್ ಸೇರುವುದಿಲ್ಲ. 'ಐ ನೋ ಹಿಮ್', 'ಐ ಹ್ಯಾವ್ ಟೂ ಬ್ರದರ್ಸ್'. ನಿನ್ನ ಕನ್ನಡವೇ ನಿನಗೆ ದಾರಿ ತೋರಿಸುತ್ತಿದೆ, ಅದನ್ನು ಕೇಳು.

ಇನ್ನೊಂದು ಕಡೆ ಕನ್ನಡ ದಾರಿ ತಪ್ಪಿಸುತ್ತದೆ. 'ಮೂರು ವರ್ಷದಿಂದ ಇಲ್ಲಿ ಇದ್ದೇನೆ', 'ಜೂನ್‌ನಿಂದ ಇಲ್ಲಿ ಇದ್ದೇನೆ', ಎರಡಕ್ಕೂ ನಾವು 'ಇಂದ' ಹಾಕುತ್ತೇವೆ, ಕ್ರಿಯಾಪದವೂ ಈಗಿನದ್ದೇ. ಇಂಗ್ಲಿಷಿನಲ್ಲಿ ಅಳತೆಗೆ ಫಾರ್, ಶುರುವಾದ ದಿನಕ್ಕೆ ಸಿನ್ಸ್. ಹಿಂದೆ ಶುರುವಾಗಿ ಇವತ್ತಿನವರೆಗೂ ನಡೆಯುತ್ತಿರುವುದರಿಂದ ಹ್ಯಾವ್ ಬರಬೇಕು. 'ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ತ್ರೀ ಇಯರ್ಸ್', 'ಐ ಹ್ಯಾವ್ ಲಿವ್ಡ್ ಹಿಯರ್ ಸಿನ್ಸ್ ಜೂನ್'.

ಪ್ರೆಸೆಂಟ್ ಪರ್ಫೆಕ್ಟ್ ಅಂದರೆ ಹೆದರುವವರು ಜಾಸ್ತಿ. ನಿನ್ನ ಊರಿನದ್ದೇ ಒಂದು ಪ್ರಶ್ನೆ ತಗೋ. 'ಮುಳ್ಳಯ್ಯನಗಿರಿಗೆ ಹೋಗಿದ್ದೀಯಾ?' ಯಾವತ್ತಾದರೂ ಸರಿ, ಹೋಗಿದ್ದೀಯಾ ಅಂತ. 'ಹ್ಯಾವ್ ಯು ಬೀನ್ ಟು ಮುಳ್ಳಯ್ಯನಗಿರಿ?' ಉತ್ತರದಲ್ಲಿ 'ಹೋದ ಭಾನುವಾರ' ಅಂತ ದಿನ ಬಂದ ಕೂಡಲೇ ಹ್ಯಾವ್ ಹೊರಗೆ: 'ಯೆಸ್, ಐ ವೆಂಟ್ ಲಾಸ್ಟ್ ಸಂಡೆ.' ಕನ್ನಡದಲ್ಲಿ 'ಚಿಕ್ಕಪ್ಪ ನಿನ್ನೆ ಬಂದಿದ್ದಾರೆ' ಅಂದರೂ ನಡೆಯುತ್ತದೆ, ಇಂಗ್ಲಿಷಿನಲ್ಲಿ ಯೆಸ್ಟರ್ಡೇ ಮತ್ತು ಹ್ಯಾಸ್ ಕಮ್ ಒಂದೇ ವಾಕ್ಯದಲ್ಲಿ ಕೂರುವುದಿಲ್ಲ. ಈ ಪ್ರಶ್ನೆ ಮತ್ತು ಉತ್ತರವನ್ನು ಹತ್ತು ಜಾಗಗಳ ಹೆಸರು ಹಾಕಿ ಗೆಳತಿಯ ಜೊತೆ ಹೇಳಿನೋಡು. ಬಾಬಾಬುಡನ್‌ಗಿರಿ, ಶೃಂಗೇರಿ, ಕೆಮ್ಮಣ್ಣುಗುಂಡಿ, ಹೊರನಾಡು. ಒಂದು ವಾರದಲ್ಲಿ ಬಾಯಿಗೆ ಕೂರುತ್ತದೆ. ಮಾತಾಡುತ್ತಿರುವಾಗ ಗ್ರಾಮರ್ ನೆನೆಸಬೇಡ. ಮಾತು ಮುಗಿದ ಮೇಲೆ, ಬಸ್ಸಿನಲ್ಲಿ ಕೂತು, ಇವತ್ತು ಹೇಳಿದ ಒಂದು ವಾಕ್ಯ ಹೇಗೆ ಹೇಳಬಹುದಿತ್ತು ಅಂತ ಯೋಚಿಸು.

ಪ್ರಶ್ನೆ: ನಾನು ಬೇಲೂರಿನಲ್ಲಿ ಗೈಡ್. ವಿಷಯ ಗೊತ್ತು, ಆದರೆ ಶಾಲೆಯಲ್ಲಿ ಪ್ಯಾಸಿವ್ ವಾಯ್ಸ್ ತಲೆಗೆ ಹತ್ತಲಿಲ್ಲ. ವಿದೇಶದವರು ಬಂದಾಗ ತಡವರಿಸುತ್ತೇನೆ.
(ಓದುಗರು, ಬೇಲೂರು)

ಸರ್, ನಿಮ್ಮ ಕೆಲಸಕ್ಕೆ ಪ್ಯಾಸಿವ್ ವಾಯ್ಸ್ ಬೇಕೇ ಬೇಕು, ಅದಕ್ಕೇ ನಿಮಗೆ ಬೇಗ ಬರುತ್ತದೆ. ಶಾಲೆಯಲ್ಲಿ 'ರಾಮ ಕಿಲ್ಡ್ ರಾವಣ' ಅನ್ನುವುದನ್ನು ತಲೆಕೆಳಗು ಮಾಡಿಸುತ್ತಾರೆ. ಯಾಕೆ ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ದೇವಸ್ಥಾನದ ಮುಂದೆ ನಿಂತಾಗ ಜನ ನೋಡುತ್ತಿರುವುದು ದೇವಸ್ಥಾನವನ್ನು. ಆದ್ದರಿಂದ ಮಾತು ದೇವಸ್ಥಾನದಿಂದಲೇ ಶುರುವಾಗಬೇಕು: 'ದಿಸ್ ಟೆಂಪಲ್ ವಾಸ್ ಬಿಲ್ಟ್ ಇನ್ ದ ಟ್ವೆಲ್ಫ್ತ್ ಸೆಂಚುರಿ.' ಅಷ್ಟೇ ಪ್ಯಾಸಿವ್ ವಾಯ್ಸ್. ನಾಲ್ಕು ಪದ ಸಾಕು ನಿಮಗೆ: ಬಿಲ್ಟ್, ಕಾರ್ವ್ಡ್, ಮೇಡ್, ಕಾಲ್ಡ್. 'ಇಟ್ ಈಸ್ ಮೇಡ್ ಆಫ್ ಸೋಪ್‌ಸ್ಟೋನ್', 'ದೀಸ್ ವರ್ ಕಾರ್ವ್ಡ್ ಬೈ ಹ್ಯಾಂಡ್'. ಈಗಲೂ ಇರುವ ಗುಣಕ್ಕೆ ಈಸ್, ಆಗ ಆದ ಕೆಲಸಕ್ಕೆ ವಾಸ್. ಒಂದಕ್ಕಿಂತ ಜಾಸ್ತಿ ಇದ್ದರೆ ಆರ್, ವರ್.

ಆಮೇಲೆ ಒಂದು ಸೂಕ್ಷ್ಮ. ವಿಷ್ಣುವರ್ಧನ 1117 ರಲ್ಲಿ ಚೆನ್ನಕೇಶವ ದೇವಸ್ಥಾನ 'ಕಟ್ಟಿಸಿದ' ಅನ್ನುತ್ತೇವೆ ನಾವು, 'ಕಟ್ಟಿದ' ಅನ್ನುವುದಿಲ್ಲ. ಕಟ್ಟಿದವರು ಶಿಲ್ಪಿಗಳು. ಕನ್ನಡದಲ್ಲಿ ಒಂದು 'ಇಸು' ಹಾಕಿದರೆ ಮುಗಿಯಿತು. ಇಂಗ್ಲಿಷಿನಲ್ಲಿ 'ಕಿಂಗ್ ವಿಷ್ಣುವರ್ಧನ ಹ್ಯಾಡ್ ದಿಸ್ ಟೆಂಪಲ್ ಬಿಲ್ಟ್' ಅನ್ನಬೇಕು. ಪದಗಳ ಜಾಗ ನೋಡಿಕೊಳ್ಳಿ, ಬಿಲ್ಟ್ ಕೊನೆಗೆ. ಇದು ಸ್ವಲ್ಪ ಮೇಲಿನ ಹಂತದ್ದು, ಮೊದಲನೆಯದು ಸಲೀಸಾಗಿ ಬಂದ ಮೇಲೆ ತೆಗೆದುಕೊಳ್ಳಿ.

ಶಿಲಾಬಾಲಿಕೆಯರನ್ನು ತೋರಿಸುವಾಗ ಇನ್ನೊಂದು ಬೇಕಾಗುತ್ತದೆ. 'ಕನ್ನಡಿ ಹಿಡಿದ ಸುಂದರಿ' ಅನ್ನುವಾಗ ವಿವರ ಮೊದಲು, ಸುಂದರಿ ಆಮೇಲೆ. ಇಂಗ್ಲಿಷಿನಲ್ಲಿ ಸುಂದರಿ ಮೊದಲು ಬಂದು ನಿಲ್ಲಬೇಕು, ಕನ್ನಡಿ ಆಮೇಲೆ: 'ದ ಲೇಡಿ ಹೂ ಈಸ್ ಹೋಲ್ಡಿಂಗ್ ಎ ಮಿರರ್'. ಕೈ ತೋರಿಸಿ ಮೊದಲು ಆಕೆಯ ಹೆಸರು ಹೇಳಿ, ಮಿಕ್ಕದ್ದು 'ಹೂ' (who) ಅನ್ನುವ ಪದ ಹಾಕಿ ಸೇರಿಸಿ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023 ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದನ್ನು ನೀವು ಹೇಳಿಯೇ ಹೇಳುತ್ತೀರಿ. ಅದಕ್ಕೆ 'ಇಟ್ ಹ್ಯಾಸ್ ಬೀನ್ ಎ ವರ್ಲ್ಡ್ ಹೆರಿಟೇಜ್ ಸೈಟ್ ಸಿನ್ಸ್ 2023'. ಮೇಲೆ ಚಿಕ್ಕಮಗಳೂರಿನ ಹುಡುಗಿಗೆ ಹೇಳಿದ ಸಿನ್ಸ್ ಇದೇ.

ಪ್ರಶ್ನೆ: ಎ, ಆನ್, ದ ಯಾವತ್ತಿಗೂ ಸರಿಯಾಗಿ ಬರುವುದಿಲ್ಲ. ಸುಲಭದ ದಾರಿ ಇದೆಯೇ?
(ಓದುಗರು, ಕಡೂರು)

ಪೂರ್ತಿ ಸುಲಭ ಇಲ್ಲ. ತುಂಬಾ ಚೆನ್ನಾಗಿ ಇಂಗ್ಲಿಷ್ ಬಲ್ಲವರೂ ಇದರಲ್ಲಿ ವರ್ಷಗಟ್ಟಲೆ ಎಡವುತ್ತಾರೆ, ಅದಕ್ಕಾಗಿ ಬೇರೆ ಕಲಿಕೆ ನಿಲ್ಲಿಸಬೇಡಿ. ಆದರೆ ಅಜ್ಜಿ ಹೇಳುವ ಕಥೆ ನೆನಪಿಸಿಕೊಳ್ಳಿ. 'ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಒಬ್ಬಳು ಮಗಳು. ಆ ಮಗಳು...' ಮೊದಲ ಸಲ ಬಂದಾಗ 'ಒಬ್ಬ', ಮತ್ತೆ ಬಂದಾಗ 'ಆ'. ಒಬ್ಬ ಅಂದರೆ ಎ, ಆ ಅಂದರೆ ದ. ಇಷ್ಟರಲ್ಲೇ ಎಷ್ಟೋ ವಾಕ್ಯ ಸರಿಯಾಗುತ್ತವೆ. ಆನ್ ಹಾಕುವುದು ಕಿವಿಗೆ ಸ್ವರ ಕೇಳಿದಾಗ, ಕಣ್ಣಿಗೆ ಕಂಡಾಗ ಅಲ್ಲ: 'ಆನ್ ಅವರ್', ಆದರೆ 'ಎ ಯೂನಿವರ್ಸಿಟಿ'.

ಪ್ರಶ್ನೆ: ನಾನು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವನು. ಸಾಹುಕಾರರು ಬೆಂಗಳೂರಿನಲ್ಲಿದ್ದಾರೆ, ವಾರಕ್ಕೊಂದು ಇಂಗ್ಲಿಷ್ ಮೇಲ್ ಕಳಿಸಬೇಕು. 'ಇಫ್' ಬಂದರೆ ಎಲ್ಲಾ ಗೊಂದಲ.
(ಓದುಗರು, ಮೂಡಿಗೆರೆ)

ಕಾಫಿ ತೋಟದ ಮೇಲ್ ಅಂದರೆ ಅರ್ಧ ಇಫ್ ಇರಲೇಬೇಕು, ಎಲ್ಲಾ ಮಳೆಯ ಮೇಲೆ ನಿಂತಿದೆ. ನೀವು 'ಇಫ್ ಇಟ್ ವಿಲ್ ರೈನ್ ಟುಮಾರೊ' ಅಂತ ಬರೆಯುತ್ತಿರಬಹುದು. 'ನಾಳೆ ಮಳೆ ಬಂದರೆ' ಅನ್ನುವುದನ್ನು ಬಿಡಿಸಿ ನೋಡಿ. ಬಂದ, ರೆ. ನಾಳೆಯ ಮಾತಿಗೆ ನಾವೂ ಮುಂದಿನ ಕಾಲ ಹಾಕುವುದಿಲ್ಲ, 'ಬಂದ' ಅನ್ನುತ್ತೇವೆ! ಇಂಗ್ಲಿಷಿನವರೂ ಇಫ್ ಜೊತೆ ವಿಲ್ ಹಾಕುವುದಿಲ್ಲ, ಈಗಿನ ಕಾಲ ಹಾಕುತ್ತಾರೆ. 'ಇಫ್ ಇಟ್ ರೈನ್ಸ್ ಟುಮಾರೊ, ವಿ ವಿಲ್ ಸ್ಟಾಪ್ ಪಿಕಿಂಗ್.' ವಿಲ್ ಎರಡನೇ ಭಾಗಕ್ಕೆ ಮಾತ್ರ. ನಿಮಗೆ ಮೊದಲು ಬೇಕಾದದ್ದು ಇದು, ಒಂದು ತಿಂಗಳು ಇದನ್ನೇ ಬರೆಯಿರಿ. 'ಬಂದರೂ' ಅಂತ ಇದ್ದರೆ ಇಫ್ ಬದಲು 'ಈವನ್ ಇಫ್' ಹಾಕಿ, ಉಳಿದದ್ದು ಹಾಗೇ.

ಆಮೇಲೆ ಆಗಿಹೋದದ್ದರ ಇಫ್. ಏಪ್ರಿಲ್ ಕಳೆದರೂ ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ, ಸರಿಯಾಗಿ ಆಗದ ವರ್ಷ, 'ಹೂಮಳೆ ಬಂದಿದ್ದರೆ ಫಸಲು ಚೆನ್ನಾಗಿರುತ್ತಿತ್ತು' ಅಂತ ಬರೆಯಬೇಕಾಗುತ್ತದೆ. ಇಲ್ಲಿ ಎರಡು ಭಾಷೆಯೂ ಜೋಡಿಯಾಗಿ ನಡೆಯುತ್ತವೆ. 'ಬಂದಿದ್ದ' ಅನ್ನುವುದರಲ್ಲಿರುವ 'ಇದ್ದ' ಅಂದರೆ ಹ್ಯಾಡ್. 'ಇರುತ್ತಿತ್ತು' ಅಂದರೆ ವುಡ್ ಹ್ಯಾವ್ ಬೀನ್. 'ಇಫ್ ದ ಬ್ಲಾಸಮ್ ಶವರ್ಸ್ ಹ್ಯಾಡ್ ಕಮ್, ದ ಕ್ರಾಪ್ ವುಡ್ ಹ್ಯಾವ್ ಬೀನ್ ಗುಡ್.' ಕಣದಲ್ಲಿ ಒಣಗಲು ಹಾಕಿದ ಕಾಫಿ ನೆನೆದುಹೋದಾಗಲೂ ಇದೇ ವಾಕ್ಯದ ಅಚ್ಚು ಕೆಲಸಕ್ಕೆ ಬರುತ್ತದೆ. ಮಧ್ಯದಲ್ಲಿ 'ನಾನು ಆಗಿದ್ದರೆ' ಅನ್ನುವ ಇನ್ನೊಂದು ಇಫ್ ಇದೆ, ಸಾಹುಕಾರರಿಗೆ ಬರೆಯುವ ಮೇಲ್‌ನಲ್ಲಿ ಅದು ಅಪರೂಪ, ಸದ್ಯಕ್ಕೆ ಬಿಡಿ.

ಪ್ರಶ್ನೆ: ನನಗೆ 58 ವರ್ಷ. ಮಗ ಮನೆಯನ್ನೇ ಹೋಂಸ್ಟೇ ಮಾಡಿದ್ದಾನೆ. ಅಡಿಗೆ ನನ್ನದು. ಬಂದವರ ಜೊತೆ ಮಾತಾಡಲು ಆಸೆ, ಏಳನೇ ಕ್ಲಾಸಿಗೆ ಓದು ಬಿಟ್ಟವಳು. ಗ್ರಾಮರ್ ಈ ವಯಸ್ಸಿಗೆ ಬರುತ್ತದಾ?
(ಓದುಗರು, ಸಕಲೇಶಪುರದ ಹತ್ತಿರ)

ಬರುತ್ತದೆ ಅಕ್ಕಾ, ಮತ್ತು ನಿಮಗೆ ಒಂದೇ ಒಂದು ಕಡೆಯಿಂದ ಶುರು ಮಾಡಿದರೆ ಸಾಕು. ನಮ್ಮಲ್ಲಿ ಮರ್ಯಾದೆ ಕ್ರಿಯಾಪದದಲ್ಲೇ ಇದೆ. ಬಾ, ಬನ್ನಿ. ತಗೋ, ತಗೊಳ್ಳಿ. ಇಂಗ್ಲಿಷಿನಲ್ಲಿ ನೀನು, ನೀವು ಎರಡೂ ಯು. ಆ ಮರ್ಯಾದೆ ಎಲ್ಲಿ ಹೋಯಿತು? ವುಡ್, ಕುಡ್ ಅನ್ನುವ ಎರಡು ಪದದಲ್ಲಿ ಸೇರಿಕೊಂಡಿದೆ. 'ಟೇಕ್ ರೊಟ್ಟಿ' ಅಂದರೆ 'ರೊಟ್ಟಿ ತಗೋ' ಅಂದ ಹಾಗೆ ಕೇಳುತ್ತದೆ. 'ವುಡ್ ಯು ಲೈಕ್ ಸಮ್ ಮೋರ್ ಅಕ್ಕಿ ರೊಟ್ಟಿ?' ಅಂದರೆ 'ಇನ್ನೊಂಚೂರು ಅಕ್ಕಿ ರೊಟ್ಟಿ ಹಾಕಲಾ?' ಅಂತ ನೀವು ಪ್ರೀತಿಯಿಂದ ಕೇಳಿದ ಹಾಗೆ. ವುಡ್ ಯಾಕೆ ಅಲ್ಲಿ ಬಂತು, ಅದು ಯಾವ ಟೆನ್ಸ್ ಅಂತ ತಲೆಕೆಡಿಸಿಕೊಳ್ಳಬೇಡಿ. ಇಡೀ ವಾಕ್ಯವನ್ನು ಒಂದು ಪದದ ಹಾಗೆ ಕಲಿಯಿರಿ. ರೊಟ್ಟಿ ತೆಗೆದು ಕಾಫಿ ಹಾಕಿ, ಕಡುಬು ಹಾಕಿ, ಸಾರು ಹಾಕಿ. ಮಿಕ್ಕದ್ದು ಅಲ್ಲಾಡುವುದಿಲ್ಲ.

ಇನ್ನು ಮೂರು: 'ಕುಡ್ ಯು ಕಮ್ ಫಾರ್ ಡಿನ್ನರ್ ಅಟ್ ಎಯ್ಟ್?', 'ಡಿಡ್ ಯು ಸ್ಲೀಪ್ ವೆಲ್?', 'ವೇರ್ ಆರ್ ಯು ಫ್ರಮ್?' ಮಗನಿಗೆ ಹೇಳಿ ಈ ನಾಲ್ಕನ್ನೂ ಕನ್ನಡ ಅಕ್ಷರದಲ್ಲಿ ಬರೆಸಿ ಒಲೆ ಪಕ್ಕದ ಗೋಡೆಗೆ ಅಂಟಿಸಿ. ಅವರು ತಿರುಗಿ ಏನೋ ಕೇಳಿದಾಗ ಅರ್ಥ ಆಗದಿದ್ದರೆ 'ಸಾರಿ, ಕುಡ್ ಯು ಸೇ ದಟ್ ಅಗೇನ್?' ಅನ್ನಿ, ನಾಚಿಕೆ ಬೇಡ, ಇಂಗ್ಲಿಷಿನವರೂ ಒಬ್ಬರಿಗೊಬ್ಬರು ಹಾಗೇ ಕೇಳುತ್ತಾರೆ. ಮೊದಲ ಅತಿಥಿಯ ಹತ್ತಿರ ಹೇಳಿ ನೋಡಿದ ಮೇಲೆ ಅವರು ಏನಂದರು ಅಂತ ನನಗೆ ಬರೆಯಿರಿ. ಮುಂದಿನ ನಾಲ್ಕು ವಾಕ್ಯ ಯಾವುದು ಅಂತ ಅದನ್ನು ನೋಡಿ ಹೇಳುತ್ತೇನೆ.